ವೇದಿಕೆಯ ಮೇಲಿನ ಸೋಲೂ ಒಂದು ಸಾಕ್ಷ್ಯ

2025ರ ಸೆಪ್ಟೆಂಬರ್ 17ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ ಮೆಟಾ ಕಂಪೆನಿಯ ಮುಖ್ಯಸ್ಥ ಮಾರ್ಕ್ ಝುಕರ್‌ಬರ್ಗ್ ತುಂಬಿದ ಸಭೆಯ ಮುಂದೆ ಪೇಚಿಗೆ ಸಿಲುಕಿದರು. ಕಂಪೆನಿಯ ಹೊಸ ಕನ್ನಡಕ ಧರಿಸಿದ್ದ ಪಾಕತಜ್ಞರೊಬ್ಬರು ಸಾಸ್ ಮಾಡುವ ಬಗೆ ಕೇಳಿದಾಗ, ಅದರೊಳಗಿನ ಕೃತಕ ಬುದ್ಧಿಮತ್ತೆಯು ಇನ್ನೂ ಬೆರೆಸದ ಪದಾರ್ಥಗಳನ್ನು ಆಗಲೇ ಬೆರೆಸಿಯಾಗಿದೆಯೆಂದು ಭಾವಿಸಿ ಮುಂದಿನ ಹಂತಕ್ಕೆ ಜಿಗಿಯಿತು. ತರುವಾಯ ಸ್ವತಃ ಝುಕರ್‌ಬರ್ಗ್ ಅವರಿಗೇ ಕನ್ನಡಕಕ್ಕೆ ಬಂದ ವಿಡಿಯೊ ಕರೆಯನ್ನು ಸ್ವೀಕರಿಸಲಾಗಲಿಲ್ಲ. ಅದಕ್ಕೆ ಎಂಟು ದಿನ ಮೊದಲು, ಅಲ್ಲಿಗೆ ಸಮೀಪದ ಕ್ಯುಪರ್ಟಿನೊದಲ್ಲಿ ಆ್ಯಪಲ್ ಕಂಪೆನಿ ಐಫೋನ್ 17 ಅನ್ನು ಲೋಕಕ್ಕೆ ಪರಿಚಯಿಸಿತ್ತು. ಅಲ್ಲಿ ಯಾವ ತೊಡಕೂ ಆಗಲಿಲ್ಲ. ಆಗುವ ಸಂಭವವೇ ಇರಲಿಲ್ಲ. ಸಭಾಂಗಣದ ಆಹ್ವಾನಿತರಿಗೂ ಜಗತ್ತಿನ ಇತರರಿಗೂ ತೋರಿಸಿದ್ದು ಮೊದಲೇ ಚಿತ್ರೀಕರಿಸಿದ ಪರಿಚಯವನ್ನು.

ಜನ ಮೆಟಾವನ್ನು ನೋಡಿ ನಕ್ಕರು. ಆದರೆ ಈ ಎರಡರಲ್ಲಿ ಕೊಳ್ಳುವವನಿಗೆ ಹೆಚ್ಚು ಮಾಹಿತಿ ಕೊಟ್ಟ ಸಮಾರಂಭ ಯಾವುದು ಎಂದು ಕೇಳಿದರೆ, ಮೆಟಾದ್ದೇ ಎಂದು ನಾನು ಹೇಳುತ್ತೇನೆ.

ಸರಕಿನ ದೋಷ ಮಾರುವವನಿಗೆ ತಿಳಿದಿರುತ್ತದೆ, ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಇದರಿಂದ ಮಾರುಕಟ್ಟೆಯೇ ಹೇಗೆ ಕೆಡಬಹುದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಬಳಸಿದ ಕಾರುಗಳ ಉದಾಹರಣೆಯಿಂದ ವಿವರಿಸಿದರು. ಒಳ್ಳೆಯ ಸರಕುಳ್ಳವನು ತನ್ನನ್ನು ಬೇರ್ಪಡಿಸಿಕೊಳ್ಳಬೇಕಾದರೆ, ಕಳಪೆ ಸರಕಿನವನಿಗೆ ದುಬಾರಿಯಾಗುವಂತಹ ಸಂಕೇತವೊಂದನ್ನು ನೀಡಬೇಕೆಂಬ ವಿಚಾರ 1973ರ ಮೈಕೆಲ್ ಸ್ಪೆನ್ಸ್ ಅವರದು. 2001ರ ನೊಬೆಲ್ ಪ್ರಶಸ್ತಿಯನ್ನು ಇವರಿಬ್ಬರೂ ಜೋಸೆಫ್ ಸ್ಟಿಗ್ಲಿಟ್ಜ್ ಅವರೊಡನೆ ಹಂಚಿಕೊಂಡರು. ನೇರ ಪ್ರಾತ್ಯಕ್ಷಿಕೆ ಅಂತಹದೊಂದು ಸಂಕೇತ. ಕೆಟ್ಟ ಯಂತ್ರವನ್ನು ವೇದಿಕೆಗೆ ತರುವವನು ಮಾನ ಕಳೆದುಕೊಳ್ಳುವ ಅಪಾಯ ಹೊತ್ತೇ ಬರಬೇಕು. ಚಿತ್ರೀಕರಣದಲ್ಲಿ ಆ ಅಪಾಯವಿಲ್ಲ. ಹತ್ತು ಸಲ ಕೆಟ್ಟು ಹನ್ನೊಂದನೆಯ ಸಲ ನಡೆದದ್ದನ್ನು ಇಟ್ಟುಕೊಂಡರಾಯಿತು.

ಈ ಪದ್ಧತಿಗೆ ದೀರ್ಘ ಚರಿತ್ರೆಯಿದೆ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು ಒಂದೂವರೆ ಗಂಟೆ ಕಾಲ ಕಂಪ್ಯೂಟರ್ ಮೌಸ್ ಮುಂತಾದವನ್ನು ಸಭೆಯ ಎದುರೇ ನಡೆಸಿ ತೋರಿಸಿದರು. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ಅವರ ಸಮ್ಮುಖದಲ್ಲೇ ವಿಂಡೋಸ್ 98 ನೀಲಿ ಪರದೆ ತೋರಿಸಿ ನಿಂತಿತು. ಇದಕ್ಕೇ ಅದನ್ನಿನ್ನೂ ಮಾರುಕಟ್ಟೆಗೆ ಬಿಟ್ಟಿಲ್ಲವೆಂಬ ಅರ್ಥದ ಮಾತಾಡಿ ಅವರು ನಗಿಸಿದರು.

ನೇರ ಎಂದ ಮಾತ್ರಕ್ಕೆ ಸತ್ಯವೆಂದಲ್ಲ. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ತೋರಿಸಿದ ಮೊದಲ ಐಫೋನ್ ಇನ್ನೂ ಅರೆಬೆಂದ ಯಂತ್ರವಾಗಿತ್ತು. ಯಾವುದರ ನಂತರ ಯಾವುದನ್ನು ಒತ್ತಿದರೆ ಅದು ಕೆಡುವುದಿಲ್ಲವೆಂಬ ಕ್ರಮವನ್ನು ಎಂಜಿನಿಯರುಗಳು ಗೊತ್ತುಮಾಡಿಕೊಟ್ಟಿದ್ದರು. ಸಂಪರ್ಕ ಹೇಗೇ ಇರಲಿ, ಸಿಗ್ನಲ್ಲಿನ ಐದೂ ಗೆರೆ ಕಾಣುವಂತೆ ಮಾಡಿದ್ದರು. ಸರ್ಕಾರಿ ಸೇವೆಯಲ್ಲಿದ್ದ ನನಗೆ ಇದು ಮುಂಚಿತವಾಗಿ ತಿಳಿಸಿ ಮಾಡುವ ಸ್ಥಳ ತನಿಖೆಯನ್ನು ನೆನಪಿಸುತ್ತದೆ. ಸಾಹೇಬರು ಬರುವ ದಾರಿಗೆ ಮಣ್ಣು ಬಿದ್ದಿರುತ್ತದೆ, ಗೋಡೆಗೆ ಹಿಂದಿನ ದಿನವೇ ಸುಣ್ಣ ಬಳಿದಿರುತ್ತದೆ. ಆದರೂ ಹೋದವನ ಕಣ್ಣಿಗೆ ಒಂದಾದರೂ ಒಡಕು ಬಿದ್ದೇ ಬೀಳುತ್ತಿತ್ತು. ಕಚೇರಿಗೆ ಬಂದ ಪ್ರಗತಿ ವರದಿಯಲ್ಲಿ ಮಾತ್ರ ಎಂದೂ ಒಡಕಿರುತ್ತಿರಲಿಲ್ಲ.

2020ರ ಜೂನ್‌ನಲ್ಲಿ ಕೋವಿಡ್ ಕಾರಣದಿಂದ ಆ್ಯಪಲ್ ಚಿತ್ರೀಕೃತ ಸಮಾರಂಭಕ್ಕೆ ಹೊರಳಿತು. ರೋಗ ಹೋದರೂ ಪದ್ಧತಿ ಉಳಿಯಿತು. ಚಿತ್ರ ಅಚ್ಚುಕಟ್ಟಾಗಿರುತ್ತದೆ, ಸಮಯ ಉಳಿಸುತ್ತದೆ, ಭಾಷಣಕಲೆ ಬಾರದ ಎಂಜಿನಿಯರಿಗೂ ಮಾತಾಡುವ ಅವಕಾಶ ಕೊಡುತ್ತದೆ; ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ 2024ರ ಜೂನ್‌ನಲ್ಲಿ ನಡೆದದ್ದನ್ನು ಗಮನಿಸಿ. ತಾಯಿಯ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಕೇಳಿದರೆ ಮೇಲ್, ಸಂದೇಶಗಳನ್ನು ಜಾಲಾಡಿ ಉತ್ತರಿಸುವ ಹೊಸ ‘ಸಿರಿ’ಯನ್ನು ಆ್ಯಪಲ್ ಚಿತ್ರದಲ್ಲಿ ತೋರಿಸಿತು. ಆ ವರ್ಷದ ಐಫೋನ್ 16ರ ಜಾಹೀರಾತಿನಲ್ಲೂ ಅದನ್ನು ಬಳಸಿತು. 2025ರ ಮಾರ್ಚ್‌ನಲ್ಲಿ ಆ ಸೌಲಭ್ಯವನ್ನು ಮುಂದೂಡಿ, ಜಾಹೀರಾತನ್ನು ಹಿಂತೆಗೆದುಕೊಂಡಿತು. ತೋರಿಸಿದ್ದು ನಿಜವಾಗಿ ಕೆಲಸ ಮಾಡುತ್ತಿದ್ದ ತಂತ್ರಾಂಶವೇ, ಆದರೆ ನೆಚ್ಚಬಹುದಾದ ಮಟ್ಟ ಮುಟ್ಟಿರಲಿಲ್ಲ ಎಂಬುದು ಕಂಪೆನಿಯ ನಂತರದ ವಿವರಣೆ. ನಾನು ಅದನ್ನು ನಂಬುತ್ತೇನೆ. ನನ್ನ ಆಕ್ಷೇಪವೂ ಅಲ್ಲಿಯೇ ಇದೆ. ಯಂತ್ರವೊಂದು ಒಮ್ಮೆ ನಡೆಯಿತೆಂಬುದನ್ನು ಚಿತ್ರ ಹೇಳಬಲ್ಲದು, ಎಷ್ಟು ಸಲ ನಡೆಯುತ್ತದೆ ಎಂಬುದನ್ನಲ್ಲ. ಹಣ ಕೊಡುವವನಿಗೆ ಬೇಕಾದದ್ದು ಎರಡನೆಯದು. ಕೇಳಿದಾಗಲೆಲ್ಲ ಒಂದೇ ಉತ್ತರ ಕೊಡದ ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ.

ಗೂಗಲ್ 2023ರ ಡಿಸೆಂಬರ್‌ನಲ್ಲಿ ಹೊರತಂದ ‘ಜೆಮಿನೈ’ ಚಿತ್ರದಲ್ಲಿ ಯಂತ್ರವು ಎದುರಿನ ದೃಶ್ಯ ನೋಡುತ್ತ ಮಾತಾಡುವಂತೆ ಕಾಣುತ್ತಿತ್ತು. ವಾಸ್ತವದಲ್ಲಿ ಬಳಸಿದ್ದು ಸ್ಥಿರಚಿತ್ರಗಳನ್ನೂ ಬರೆದುಕೊಟ್ಟ ಪ್ರಶ್ನೆಗಳನ್ನೂ.

ಕಂಪೆನಿಗಳ ಭಯ ನಿರಾಧಾರವೇನಲ್ಲ. 2023ರ ಫೆಬ್ರುವರಿಯಲ್ಲಿ ಗೂಗಲ್‌ನ ‘ಬಾರ್ಡ್’ ಒಂದು ದೂರದರ್ಶಕದ ಬಗ್ಗೆ ತಪ್ಪು ಹೇಳಿದ್ದು ಬಯಲಾದಾಗ ಮಾತೃಸಂಸ್ಥೆಯ ಷೇರು ಮೌಲ್ಯ ಒಂದೇ ದಿನದಲ್ಲಿ ಸುಮಾರು 10,000 ಕೋಟಿ ಡಾಲರ್ ಕುಸಿಯಿತು. ತಮಾಷೆಯೆಂದರೆ ಆ ತಪ್ಪು ಇದ್ದದ್ದು ಮೊದಲೇ ಸಿದ್ಧಪಡಿಸಿದ್ದ ಪ್ರಚಾರ ಸಾಮಗ್ರಿಯಲ್ಲಿ.

ನಮ್ಮಲ್ಲಿ ಈ ಚಿತ್ರಗಳನ್ನು ಜನ ರಾತ್ರಿ ಕುಳಿತು ನೋಡುತ್ತಾರೆ. ಮರುದಿನ ಅವು ಸುದ್ದಿಯಾಗುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಜಾಹೀರಾತು’ ಎಂಬ ಪದಕ್ಕೆ ಅಂತರ್ಜಾಲದ ಪ್ರಚಾರವನ್ನೂ ಒಳಗೊಳ್ಳುವಷ್ಟು ವಿಶಾಲವಾದ ಅರ್ಥವಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಈ ಕಂಪೆನಿಗಳಿಗೆ ಅದು ಚಹಾದ ಖರ್ಚು. ಆದ್ದರಿಂದ ದಂಡಕ್ಕಿಂತ ಪ್ರಕಟಣೆಯ ನಿಯಮವೇ ಮೇಲು: ತೋರಿಸಿದ ದೃಶ್ಯದಲ್ಲಿ ಕತ್ತರಿ ಪ್ರಯೋಗವಾಗಿದೆಯೇ, ಮಾರಾಟದ ದಿನ ಆ ಸೌಲಭ್ಯ ಇರುತ್ತದೆಯೇ ಎಂಬೆರಡು ಸಂಗತಿಗಳು ಓದಲು ಬರುವ ಅಕ್ಷರದಲ್ಲಿ ಪರದೆಯ ಮೇಲಿರಬೇಕು. ಪತ್ರಿಕೆಗಳೂ ಅವೆರಡನ್ನು ಕೇಳದೆ ವರದಿ ಮಾಡಬಾರದು.

ಮೆಟಾ ವೇದಿಕೆಯ ಮೇಲೆ ತಪ್ಪನ್ನು ವೈಫೈ ಮೇಲೆ ಹೊರಿಸಲಾಗಿತ್ತು. ಬಳಿಕ ಕಂಪೆನಿಯ ಮುಖ್ಯ ತಂತ್ರಜ್ಞಾನ ಅಧಿಕಾರಿ ಆ್ಯಂಡ್ರ್ಯೂ ಬಾಸ್‌ವರ್ತ್ ನಿಜ ಕಾರಣ ವಿವರಿಸಿದರು. ಪಾಕತಜ್ಞರು ಆಜ್ಞೆ ಕೊಟ್ಟಾಗ ಕಟ್ಟಡದಲ್ಲಿದ್ದ ಅಂತಹ ಕನ್ನಡಕಗಳೆಲ್ಲ ಒಟ್ಟಿಗೇ ಎಚ್ಚೆತ್ತು ಸರ್ವರಿನ ಮೇಲೆ ಮುಗಿಬಿದ್ದಿದ್ದವಂತೆ. ಕರೆ ಬಂದ ಕ್ಷಣದಲ್ಲೇ ಕನ್ನಡಕದ ಪರದೆ ನಿದ್ರೆಗೆ ಜಾರಿದ್ದು ಇನ್ನೊಂದು ದೋಷ; ಅದನ್ನು ತಾವು ಹಿಂದೆಂದೂ ಕಂಡಿರಲಿಲ್ಲವೆಂದೂ, ಈಗ ಸರಿಪಡಿಸಲಾಗಿದೆಯೆಂದೂ ಅವರು ಹೇಳಿದರು. ಆ ಪರದೆಯುಳ್ಳ ಕನ್ನಡಕದ ಬೆಲೆ 799 ಡಾಲರ್.