ಕೊಲೆಸ್ಟ್ರಾಲ್ ನಾರ್ಮಲ್ ಅಂತ ನಿಟ್ಟುಸಿರು ಬಿಡಬೇಡಿ (ರಿಪೋರ್ಟ್ ಓದೋಣ, ಭಾಗ 3)

1/5
ಮನೇಲಿ ಯಾರಿಗಾದ್ರೂ ರುಮಟಾಯ್ಡ್ ಸಂಧಿವಾತ ಇದ್ಯಾ? ವಯಸ್ಸಾಗಿ ಮಂಡಿ ಸವೆಯೋದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳೋ ಕಾಯಿಲೆ. ಹಾಗಿದ್ರೆ ಇದು ನಿಮಗೇ.
ರಿಪೋರ್ಟ್ ಬರುತ್ತೆ. ಎಲ್‌ಡಿಎಲ್ 95, ನಾರ್ಮಲ್. ಸಿಆರ್‌ಪಿ 28, ದಪ್ಪಕ್ಷರ. ತಕ್ಷಣ ಮನೆಯವರ ತೀರ್ಪು: "ಹಾರ್ಟ್‌ಗೇನೂ ತೊಂದ್ರೆ ಇಲ್ಲ, ಸಿಆರ್‌ಪಿ ಕೀಲುನೋವಿಂದು ಬಿಡು."
ಈ ತೀರ್ಪು ತಪ್ಪು.

2/5
ಸಿಆರ್‌ಪಿ ಏರಿದೆ ಅಂದ್ರೆ ಒಳಗೆ ಉರಿಯೂತ ಇದೆ ಅಂತ. ಉರಿಯೂತ ಜೋರಾಗಿದ್ದಾಗ ರಕ್ತದಲ್ಲಿ ಕೊಲೆಸ್ಟ್ರಾಲ್ ಇಳಿಯುತ್ತೆ. ಅಂದ್ರೆ ಆ 95 ಆರೋಗ್ಯದ ಗುರುತಲ್ಲ, ಕಾಯಿಲೆಯ ನೆರಳೂ ಆಗಿರಬಹುದು. ಅದೇ ಉರಿಯೂತ ರಕ್ತನಾಳಗಳನ್ನೂ ಬಿಡಲ್ಲ. ಈ ಕಾಯಿಲೆ ಇರೋರಿಗೆ ಲೆಕ್ಕ ಹಾಕಿದ ಹೃದಯದ ಅಪಾಯವನ್ನ 1.5ರಿಂದ ಗುಣಿಸಿ ಅಂತ ಯುರೋಪಿನ ಸಂಧಿವಾತ ತಜ್ಞರ ಸಂಘಟನೆ ಯೂಲಾರ್ ಹೇಳೋದು ಸುಮ್ನೆ ಅಲ್ಲ.

3/5
ಈಗ ಉಲ್ಟಾ ನೋಡಿ. ಔಷಧಿ ಕೆಲಸ ಮಾಡ್ತು, ಸಿಆರ್‌ಪಿ ಇಳೀತು, ಬೆರಳು ಮಡಚೋಕೆ ಬಂತು. ಎಲ್‌ಡಿಎಲ್ ಮಾತ್ರ ಏರಿತು. "ಈ ಮಾತ್ರೆಯಿಂದ್ಲೇ ಕೊಲೆಸ್ಟ್ರಾಲ್ ಬಂತು, ನಿಲ್ಲಿಸು!"
ನನ್ನ ಜಗಳ ಇರೋದೇ ಇಲ್ಲಿ. ನಿಲ್ಲಿಸಿದ್ರೆ ಉರಿಯೂತ ವಾಪಸ್ ಬರುತ್ತೆ, ಒಮ್ಮೆ ಸವೆದ ಮೂಳೆ ವಾಪಸ್ ಬರಲ್ಲ. ಏರಿದ ಎಲ್‌ಡಿಎಲ್‌ಗೆ ಬೇರೆ ಚಿಕಿತ್ಸೆ ಇದೆ. ಸ್ಟ್ಯಾಟಿನ್ ಬೇಕಾ ಬೇಡವಾ ಅಂತ ಡಾಕ್ಟರ್ ನಿರ್ಧರಿಸಲಿ, ಪಕ್ಕದ್ಮನೆ ಅಂಕಲ್ ಅಲ್ಲ.
"ಕೊಲೆಸ್ಟ್ರಾಲೇ ದೊಡ್ಡ ಮೋಸ, ಉರಿಯೂತವೇ ಎಲ್ಲಾ" ಅನ್ನೋ ರೀಲ್ಸ್‌ನವರಿಗೂ ಇದೇ ಮಾತು. ಎರಡೂ ಸೇರಿಯೇ ರಕ್ತನಾಳ ಕೆಡಿಸೋದು.

4/5
ಬಿಕಾಂನಲ್ಲಿ ಮೊದಲು ಕಲಿಸೋದು: ಬ್ಯಾಲೆನ್ಸ್ ಶೀಟ್ ಒಂದು ದಿನದ ಚಿತ್ರ, ಇಡೀ ವರ್ಷದ ಕಥೆ ಅಲ್ಲ. ಲ್ಯಾಬ್ ರಿಪೋರ್ಟೂ ಅಷ್ಟೆ. ಎಷ್ಟೋ ರಿಪೋರ್ಟಲ್ಲಿ ಎಲ್‌ಡಿಎಲ್ ಅಳೆದ ಸಂಖ್ಯೆಯೇ ಅಲ್ಲ, 1972ರ ಸೂತ್ರದಿಂದ ಬಂದ ಶೇಷ: ಒಟ್ಟು ಕೊಲೆಸ್ಟ್ರಾಲಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆದದ್ದು. ಟ್ರೈಗ್ಲಿಸರೈಡ್ 400 ದಾಟಿದ್ರೆ ಆ ಸೂತ್ರ ನಡೆಯಲ್ಲ. ಸಿಆರ್‌ಪಿ ಜ್ವರ ಬಂದ್ರೂ ಏರುತ್ತೆ.
ಇನ್ನು 'ಹಾರ್ಟ್ ಪ್ಯಾಕೇಜ್'ನಲ್ಲಿ ಮಾರೋ ಎಚ್‌ಎಸ್-ಸಿಆರ್‌ಪಿ? ಅದೇ ಪ್ರೋಟೀನು, ಸೂಕ್ಷ್ಮವಾಗಿ ಅಳೆದದ್ದು. ಕೀಲುಗಳು ಊದಿಕೊಂಡಿರುವಾಗ ಅದು ಹೃದಯದ ಬಗ್ಗೆ ಬೇರೆ ಸುದ್ದಿ ಹೇಳಲ್ಲ. ಯಾಕೆ ದುಡ್ಡು ಕೊಡ್ತೀರಾ?

5/5
"ಡಾಕ್ಟರ್ ಇದ್ದಾರಲ್ಲ, ನೋಡ್ಕೋತಾರೆ" ಅಂತೀರಾ? ಕೀಲಿನ ಡಾಕ್ಟರ್ ಕೀಲು ನೋಡ್ತಾರೆ, ಹೃದಯದ ಡಾಕ್ಟರ್ ಹತ್ರ ನಾವು ಎದೆನೋವು ಬರೋವರೆಗೂ ಹೋಗಲ್ಲ. ನಡುವೆ ಇರೋ ಜಾಗಕ್ಕೆ ವಾರಸುದಾರರೇ ಇಲ್ಲ. ಆದ್ದರಿಂದ ನೀವೇ ಕೇಳಿ:
• ಕಾಯಿಲೆ ಹತೋಟಿಯಲ್ಲಿರುವಾಗ ಲಿಪಿಡ್ ಟೆಸ್ಟ್ ಮಾಡಿಸಿದ್ದೀವಾ?
• ಬಿಪಿ, ಶುಗರ್, ಬೀಡಿ-ಸಿಗರೇಟು ಎಲ್ಲಾ ಸೇರಿಸಿ ಹೃದಯದ ಅಪಾಯ ಲೆಕ್ಕ ಹಾಕಿದ್ದೀರಾ?
• ಹಳೇ ರಿಪೋರ್ಟುಗಳ ಜೊತೆ ಇದನ್ನ ಹೋಲಿಸಿದ್ರಾ?

ಹಳೇ ರಿಪೋರ್ಟ್ ಎಸೀಬೇಡಿ. ಕೇಳದೆ ಮಾತ್ರೆ ನಿಲ್ಲಿಸಬೇಡಿ. ಫ್ಯಾಮಿಲಿ ಗ್ರೂಪಿಗೆ ಹಾಕಿ, ಬೈದ್ರೆ ನನ್ನ ಹೆಸರು ಹೇಳಿ.

#ರಿಪೋರ್ಟ್_ಓದೋಣ #ಸಂಧಿವಾತ #ಕೊಲೆಸ್ಟ್ರಾಲ್ #ಕನ್ನಡ