ಒಂದು ಹೆಸರೂ ಬಿಡಬಾರದು

ಮಕ್ಕಳೇ, ಮ್ಯಾಕ್ಸ್ ಬಾರ್ನ್ ಜರ್ಮನಿಯ ದೊಡ್ಡ ವಿಜ್ಞಾನಿ. ಯೆಹೂದಿ ಕುಲದಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಹಿಟ್ಲರನ ನಾಜಿ ಸರ್ಕಾರ 1933ರಲ್ಲಿ ಅವರನ್ನು ಕೆಲಸದಿಂದ ದೂರಮಾಡಿತು. 1935ರಲ್ಲಿ ಸರ್ ಸಿ. ವಿ. ರಾಮನ್ ಅವರನ್ನು ಬೆಂಗಳೂರಿಗೆ ಕರೆಸಿಕೊಂಡರು. ಬಾರ್ನ್ ಬದುಕಿ ಉಳಿದರು. 1954ರಲ್ಲಿ ನೊಬೆಲ್ ಬಹುಮಾನವನ್ನೂ ಪಡೆದರು.

ಎಲ್ಲರಿಗೂ ಹಾಗೆ ಪಾರಾಗಲು ಆಗಲಿಲ್ಲ. ನಾಜಿಗಳು ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದರು. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆಯ ವಿದ್ವಾಂಸರು ಹಳೆಯ ದಾಖಲೆಗಳನ್ನು ಓದಿ, ಸತ್ತವರ ಹೆಸರುಗಳನ್ನು ಒಂದೊಂದಾಗಿ ಹುಡುಕುತ್ತಿದ್ದಾರೆ. 45 ಲಕ್ಷಕ್ಕೂ ಹೆಚ್ಚು ಹೆಸರುಗಳು ದೊರೆತಿವೆ.

ಇದರಿಂದ ಏನು ಫಲ ಎನ್ನಬೇಡಿ. ತಾಳವಾಡಿಯ ನಮ್ಮ ಶಾಲೆಯಲ್ಲಿ ಹಾಜರಿ ಕರೆಯುವಾಗ ಒಂದು ಹೆಸರು ಬಿಟ್ಟುಹೋದರೂ ಆ ಮಗು ನೊಂದುಕೊಳ್ಳುತ್ತದೆ. ಪ್ರತಿಯೊಬ್ಬರೂ ಲೆಕ್ಕಕ್ಕೆ ಬರಬೇಕು. ಹುಟ್ಟನ್ನು ನೋಡಿ ಯಾರನ್ನೂ ದೂರವಿಡಬಾರದು. ನಾಜಿಗಳ ಪಾಪ ಅಲ್ಲಿಂದಲೇ ಆರಂಭವಾಯಿತು.