ಹಡಗಿನ ಚಿತ್ರ, ಹಡಗಿನ ಗುಟ್ಟು

ಕಳೆದ ಮಳೆಗಾಲ ಮುಗಿದು ಆಕಾಶ ತಿಳಿಯಾದ ದಿನಗಳಲ್ಲಿ ಒಮ್ಮೆ ಬಸ್ಸಿನಲ್ಲಿ ಕಾರವಾರದಿಂದ ಅಂಕೋಲೆಗೆ ಹೊರಟಿದ್ದೆ. ದಾರಿಯ ಒಂದು ತಿರುವಿನಲ್ಲಿ ಮರಗಳ ಸಂದಿಯಿಂದ ಸಮುದ್ರ ಕಾಣಿಸಿತು. ಜೊತೆಗೆ ನೌಕಾನೆಲೆಯ ಕಟ್ಟೆಗೆ ಒರಗಿ ನಿಂತ ಬೂದುಬಣ್ಣದ ಯುದ್ಧನೌಕೆಗಳೂ ಕಾಣಿಸಿದವು. ಮಗ ಕೊಡಿಸಿದ ಮೊಬೈಲು ಕೈಯಲ್ಲಿಯೇ ಇತ್ತು. ಎರಡು ಚಿತ್ರ ತೆಗೆದೆ. ಮನೆಗೆ ಬಂದವನು "ನಮ್ಮ ಕಡಲ ಕಾವಲುಗಾರರು" ಎಂಬ ಒಕ್ಕಣೆಯೊಂದಿಗೆ ಅವನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಹಲವರು ಮೆಚ್ಚಿದರು. ನಾನೂ ಹಿಗ್ಗಿದೆ.

ರಾತ್ರಿ ಊಟದ ಹೊತ್ತಿಗೆ ದೂರವಾಣಿ ಕರೆ ಬಂತು. ನನ್ನಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು, ಮುಂದೆ ನೌಕಾಪಡೆ ಸೇರಿ, ಹದಿನೈದು ವರ್ಷ ದುಡಿದು ಹಿಂದಿರುಗಿದ ಶಿಷ್ಯ.

"ಮಾಸ್ತರೇ, ತಪ್ಪು ತಿಳಿಯಬೇಡಿ. ಆ ಎರಡು ಫೋಟೊ ತೆಗೆದುಬಿಡಿ" ಎಂದ.

ನನಗೆ ಸ್ವಲ್ಪ ಮುನಿಸು ಬಂತು. ಇವೇ ಹಡಗುಗಳನ್ನು ಪತ್ರಿಕೆಗಳಲ್ಲಿ ನೋಡುತ್ತೇವಲ್ಲ, 2022ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಸೇವೆಗೆ ಸೇರಿದ್ದನ್ನು ಇಡೀ ದೇಶವೇ ದೂರದರ್ಶನದಲ್ಲಿ ಕಂಡಿತಲ್ಲ, ಇದರಲ್ಲಿ ಗುಟ್ಟೇನಿದೆ ಎಂದು ಕೇಳಿದೆ.

"ಹಡಗು ಹೇಗಿದೆ ಎನ್ನುವುದು ಗುಟ್ಟಲ್ಲ ಮಾಸ್ತರೇ. ಇವತ್ತು ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎನ್ನುವುದು ಗುಟ್ಟು."

ಅವನು ತಾಳ್ಮೆಯಿಂದ ವಿವರಿಸಿದ. ಕಟ್ಟೆಯಲ್ಲಿ ನಿಂತ ಹಡಗಿನ ಮೇಲೆ ಅಟ್ಟಣಿಗೆ ಕಟ್ಟಿದ್ದರೆ ದುರಸ್ತಿ ನಡೆದಿದೆ ಎಂದರ್ಥ. ಅದು ಸದ್ಯಕ್ಕೆ ಹೊರಡುವುದಿಲ್ಲ. ನೀರಿನಲ್ಲಿ ಎಷ್ಟು ಇಳಿದು ನಿಂತಿದೆ ಎಂಬುದನ್ನು ನೋಡಿ ತುಂಬಿದ ಹೊರೆಯನ್ನು ಅಂದಾಜಿಸಬಹುದು. ಹಡಗಿನ ಪಕ್ಕದಲ್ಲಿ ಯಾವ ಹಡಗು ನಿಂತಿದೆ, ನಿನ್ನೆ ಇದ್ದದ್ದು ಇಂದು ಯಾಕಿಲ್ಲ, ಇವೆಲ್ಲವೂ ತಿಳಿದವನಿಗೆ ಸುದ್ದಿಗಳೇ. ಅದರ ಮೇಲೆ ನಮ್ಮ ಮೊಬೈಲು ಚಿತ್ರದೊಳಗೇ ದಿನಾಂಕ, ಗಳಿಗೆ, ಸ್ಥಳಗಳನ್ನು ಬರೆದಿಡುವುದುಂಟು. ನಾನು ಚಿತ್ರಗಳನ್ನು ಅಳಿಸಿದೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಶಿಷ್ಯನಿಂದ ಪಾಠವಾಯಿತು.

ಅಂದಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಹಡಗಿನ ಒಂದು ಚಿತ್ರ ಏನು ಮಾಡಬಲ್ಲದು ಎಂಬುದಕ್ಕೆ ಎರಡನೆಯ ಮಹಾಯುದ್ಧದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. 1941ರ ಮೇ 21ರಂದು ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನವೊಂದು ನಾರ್ವೆಯ ಬರ್ಗೆನ್ ಬಳಿಯ ಕೊಲ್ಲಿಯೊಂದರಲ್ಲಿ ಲಂಗರು ಹಾಕಿದ್ದ ಜರ್ಮನಿಯ ಬಿಸ್ಮಾರ್ಕ್ ನೌಕೆಯ ಚಿತ್ರ ತೆಗೆಯಿತು. ಬ್ರಿಟಿಷರ ನೌಕಾಬಲ ಬೆನ್ನಟ್ಟಿತು. ಆರೇ ದಿನಗಳಲ್ಲಿ ಬಿಸ್ಮಾರ್ಕ್ ಎರಡು ಸಾವಿರಕ್ಕೂ ಹೆಚ್ಚು ನಾವಿಕರೊಂದಿಗೆ ಅಟ್ಲಾಂಟಿಕ್ಕಿನ ತಳ ಸೇರಿತು. ಮರುವರ್ಷ ಬ್ರಿಟನ್ನಿನ ಬಿಬಿಸಿ ತನ್ನ ಕೇಳುಗರಿಗೆ ಒಂದು ಕರೆ ಕೊಟ್ಟಿತು: ಯುದ್ಧಕ್ಕೆ ಮೊದಲು ಯುರೋಪಿನ ಕಡಲತೀರಗಳಲ್ಲಿ ನೀವು ತೆಗೆದ ವಿಹಾರದ ಚಿತ್ರಗಳಿದ್ದರೆ ಕಳುಹಿಸಿ. ಮರಳಿನಲ್ಲಿ ಆಡುವ ಮಕ್ಕಳ ಹಿಂದೆ ಕಾಣುತ್ತಿದ್ದ ದಿಬ್ಬ, ಗೋಡೆ, ದಾರಿಗಳು ಸೈನ್ಯಕ್ಕೆ ಬೇಕಾಗಿದ್ದವು. ತೆಗೆದವರ ಮನಸ್ಸಿನಲ್ಲಿ ಯುದ್ಧದ ಸುಳಿವೂ ಇರಲಿಲ್ಲ. ಚಿತ್ರದ ಬಳಕೆ ತೆಗೆದವನ ಉದ್ದೇಶವನ್ನು ಕೇಳಿಕೊಂಡು ನಡೆಯುವುದಿಲ್ಲ.

"ಆಕಾಶದಲ್ಲಿ ಉಪಗ್ರಹಗಳು ಎಲ್ಲವನ್ನೂ ನೋಡುತ್ತಿರುವಾಗ ಬಸ್ಸಿನಲ್ಲಿ ಕೂತ ಮುದುಕನನ್ನು ತಡೆದು ಏನು ಪ್ರಯೋಜನ?" ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಮೇಲುನೋಟಕ್ಕೆ ಸರಿಯಾದ ಪ್ರಶ್ನೆ. ಆದರೆ ಚಿತ್ರ ತೆಗೆಯುವ ಉಪಗ್ರಹ ತನ್ನ ಕಕ್ಷೆಗೆ ಕಟ್ಟುಬಿದ್ದದ್ದು, ಮೇಲಿನಿಂದ ನೋಡುವಂಥದ್ದು, ನಮ್ಮ ಕರಾವಳಿಯ ಮುಂಗಾರು ಮೋಡದ ಅಡಿಯಲ್ಲಿ ಸಾಧಾರಣ ಕ್ಯಾಮೆರಾಕ್ಕೆ ಏನೂ ಕಾಣದು. ಮೊಬೈಲು ಮೋಡದ ಕೆಳಗಿನಿಂದ, ಹಡಗಿನ ಮಗ್ಗುಲಿನಿಂದ, ಬೇಕಾದ ಗಳಿಗೆಯಲ್ಲಿ ನೋಡುತ್ತದೆ. 2019ರ ಡಿಸೆಂಬರಿನಲ್ಲಿ ನೌಕಾಪಡೆಯು ತನ್ನ ನೆಲೆಗಳಲ್ಲಿಯೂ ಹಡಗುಗಳಲ್ಲಿಯೂ ಸ್ಮಾರ್ಟ್‌ಫೋನುಗಳನ್ನು ನಿಷೇಧಿಸಿತು. ತನ್ನವರಿಗೇ ಇಷ್ಟು ಕಟ್ಟುನಿಟ್ಟು ವಿಧಿಸಿಕೊಂಡ ಪಡೆ ನಮ್ಮಿಂದ ಸಂಯಮವನ್ನು ನಿರೀಕ್ಷಿಸಿದರೆ ಅದು ಅತಿಯಲ್ಲ. 1923ರ ಅಧಿಕೃತ ರಹಸ್ಯಗಳ ಕಾಯಿದೆಯಂತೂ 'ನಕ್ಷೆ' ಎಂಬ ಪದದಲ್ಲಿಯೇ ಛಾಯಾಚಿತ್ರವನ್ನೂ ಸೇರಿಸಿದೆ.

ಇಷ್ಟನ್ನು ಒಪ್ಪಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅರ್ಧ ಸತ್ಯ ನುಡಿದಂತಾಗುತ್ತದೆ.

ಬಹಳ ವರ್ಷಗಳ ಹಿಂದೆ ನಾನು ಮಕ್ಕಳನ್ನು ಕಡಲತೀರಕ್ಕೆ ಪ್ರವಾಸ ಕರೆದೊಯ್ದಿದ್ದೆ. ದೂರದ ಬಾನಂಚಿನಲ್ಲಿ ಹಡಗೊಂದು ಸಾಗುತ್ತಿತ್ತು. ಒಬ್ಬ ಹುಡುಗ ಅತ್ತ ಕ್ಯಾಮೆರಾ ಎತ್ತಿದ. ಕಾವಲಿನವರೊಬ್ಬರು ಓಡಿಬಂದು ಗದರಿಸಿ ರೀಲನ್ನೇ ಹೊರಗೆಳೆದು ಬಿಸಿಲಿಗೆ ಹಿಡಿದರು. ಅದರಲ್ಲಿ ಆ ವರ್ಷದ ಇಡೀ ತರಗತಿಯ ಚಿತ್ರವಿತ್ತು. ಅಲ್ಲಿ ಚಿತ್ರ ತೆಗೆಯಬಾರದೆಂಬ ಫಲಕ ಯಾವ ಭಾಷೆಯಲ್ಲಿಯೂ ಇರಲಿಲ್ಲ. ಆ ಹುಡುಗ ಅಳುತ್ತಾ ಬಸ್ಸು ಹತ್ತಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನೌಕಾಪಡೆಯ ಮೇಲೆ ಅವನಲ್ಲಿ ಹುಟ್ಟಿದ್ದು ಭಯ, ಗೌರವವಲ್ಲ. ನಿಯಮ ಸರಿಯಾದುದೇ ಇರಬಹುದು. ಆದರೆ ತಿಳಿಸದೆ ಹೇರಿದ ನಿಯಮ ಕಲಿಸುವುದಿಲ್ಲ, ಹೆದರಿಸುತ್ತದೆ.

ಹಡಗಿನ ಚಿತ್ರಕ್ಕೆ ಹಾತೊರೆಯುವುದು ಅಪರಾಧವೂ ಅಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೊ ತಾಗಿ ನಮ್ಮ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಮುಳುಗಿದರು. ಕಡಲಿನಲ್ಲಿ ಸತ್ತವರಿಗೆ ಸಮಾಧಿಯಿಲ್ಲ. ಅವರ ಮನೆಯವರಿಗೆ ಉಳಿದದ್ದೆಂದರೆ ಕಾಗದ, ಪದಕ ಮತ್ತು ಚಿತ್ರ. ಬದುಕಿ ಬಾಳಿದ ಹಡಗುಗಳ ಗತಿಯೂ ಅಷ್ಟೇ. 1961ರ ಡಿಸೆಂಬರಿನಲ್ಲಿ, ಕಾರವಾರದ ಕಣ್ಣೆದುರಿಗಿರುವ ಅಂಜದೀವ ದ್ವೀಪವನ್ನು ಪೋರ್ತುಗೀಸರಿಂದ ಬಿಡಿಸುವಾಗ ನಮ್ಮ ರಾಜ್ಯದ ಹಳೆಯ ಹೆಸರನ್ನು ಹೊತ್ತ 'ಮೈಸೂರು' ಎಂಬ ಯುದ್ಧನೌಕೆ ಅಲ್ಲಿತ್ತು. ಆ ಕಾರ್ಯಾಚರಣೆಯಲ್ಲಿ ಏಳು ನಾವಿಕರು ಮಡಿದರು. 1985ರಲ್ಲಿ ನಿವೃತ್ತವಾದ ಆ ಹಡಗು ಈಗಿಲ್ಲ. ಮೊದಲ ವಿಕ್ರಾಂತ್ 1997ರಲ್ಲಿ ನಿವೃತ್ತವಾಗಿ, ಮುಂಬಯಿಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದು, ಕೊನೆಗೆ 2014ರಲ್ಲಿ ಗುಜರಿಗೆ ಮಾರಾಟವಾಯಿತು. ಇಂದಿನ ಮಕ್ಕಳಿಗೆ ಈ ಹಡಗುಗಳನ್ನು ತೋರಿಸಲು ಚಿತ್ರಗಳನ್ನು ಬಿಟ್ಟರೆ ನಮ್ಮಲ್ಲಿ ಬೇರೆ ಏನಿದೆ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ದುಡಿಯುತ್ತಿರುವ ಹಡಗು ಬಂದರಿನಲ್ಲಿ ನಿಂತಿರುವಾಗ ಅದರ ಚಿತ್ರ ತೆಗೆಯಬಾರದು. ಕಡಲಿನಲ್ಲಿ ಕಂಡರೂ ಆ ಕ್ಷಣವೇ ನಾಲ್ಕು ಜನರಿಗೆ ಹಂಚಬಾರದು. ಇದು ಕಾನೂನಿಗೆ ಅಂಜಿ ಪಾಲಿಸುವ ಮಾತಲ್ಲ. ಆ ಹಡಗಿನೊಳಗೆ ನಮ್ಮ ಊರಿನ ಮಕ್ಕಳಿದ್ದಾರೆ ಎಂಬ ಅರಿವಿನಿಂದ ಪಾಲಿಸಬೇಕಾದದ್ದು. ಪ್ರತಿಯಾಗಿ, ಎಲ್ಲಿ ತೆಗೆಯಬಾರದು ಎಂಬುದನ್ನು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಸ್ಪಷ್ಟವಾಗಿ ಬರೆದು ಹಾಕಬೇಕು. ಡಿಸೆಂಬರ್ 4ರ ನೌಕಾದಿನದ ಆಸುಪಾಸಿನಲ್ಲಿ ಶಾಲೆಯ ಮಕ್ಕಳಿಗೆ ಹಡಗು ತೋರಿಸುವ ರೂಢಿಯುಂಟು. ಅಂದು ಸುರಕ್ಷಿತವಾದ ಒಂದು ಜಾಗದಲ್ಲಿ ಮಕ್ಕಳನ್ನು ನಿಲ್ಲಿಸಿ ನೌಕಾಪಡೆಯವರೇ ಚಿತ್ರ ತೆಗೆದುಕೊಟ್ಟರೆ ಆ ಮಕ್ಕಳು ಅದನ್ನು ಜೀವಮಾನವಿಡೀ ಕಾಪಾಡಿಯಾರು.

ಇನ್ನೊಂದು ಕೆಲಸ ನಮ್ಮದೇ. ಕಾರವಾರದ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ಕ್ಷಿಪಣಿ ನೌಕೆಗಳ ನಂತರದ ಪೀಳಿಗೆಯದು. 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತವಾಯಿತು. ಅದನ್ನು ಯಾರು ಬೇಕಾದರೂ ಹತ್ತಿ ನೋಡಬಹುದು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ನಿವೃತ್ತ ನಾವಿಕರ ಹಳೆಯ ಆಲ್ಬಮ್ಮುಗಳು ಪೆಟ್ಟಿಗೆಯಲ್ಲಿ ಬೂಸಲು ಹಿಡಿಯುತ್ತಿವೆ. ಆ ಹಡಗುಗಳೇ ಇಲ್ಲವಾದ ಮೇಲೆ ಅವುಗಳಲ್ಲಿ ಗುಟ್ಟೂ ಉಳಿದಿರದು. ನೌಕಾಪಡೆಯವರಿಗೆ ತೋರಿಸಿ, ಅವರ ಒಪ್ಪಿಗೆ ಪಡೆದು, ಹಿಂಬದಿಯಲ್ಲಿ ಹೆಸರು, ಇಸವಿ ಬರೆದು ಅವುಗಳ ಪ್ರತಿಗಳನ್ನು ಅಲ್ಲಿ ಇಡಬಾರದೇಕೆ?

ಈ ಮಾತನ್ನು ನನ್ನ ಶಿಷ್ಯನಿಗೂ ಹೇಳಿದೆ. ಮುಂದಿನ ಭಾನುವಾರ ಅವನು ತನ್ನ ಆಲ್ಬಮ್ಮು ಹಿಡಿದುಕೊಂಡು ಮನೆಗೆ ಬಂದ. ಒಂದೊಂದೇ ಪುಟ ತಿರುವಿ ಹಡಗು, ಇಸವಿ, ಗೆಳೆಯರ ಹೆಸರು ಹೇಳಿದ. ನಾನು ಬರೆದುಕೊಂಡೆ. ಎರಡು ಚಿತ್ರಗಳನ್ನು ಮಾತ್ರ ಅವನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. "ಈ ಹಡಗು ಇನ್ನೂ ಸೇವೆಯಲ್ಲಿದೆ ಮಾಸ್ತರೇ" ಎಂದ. ನಾನು ಕೇಳಲಿಲ್ಲ.